ಸಾರಿನ ಪಾತ್ರೆ ನೋಡಿ ಬೀಜ ಬಿತ್ತಿ: ತಾರಸಿ ತೋಟಕ್ಕೆ ಯಾವುದು ಬೇಕು, ಯಾವುದು ಬೇಡ

ತಾರಸಿಯಲ್ಲಿ ತರಕಾರಿ ಬೆಳೆಯಲು ಹೊರಟ ಬಹಳಷ್ಟು ಜನ ಮೊದಲು ಹೋಗುವುದು ನರ್ಸರಿಗೆ. ಟೊಮೆಟೊ ಸಸಿ ಎರಡು, ಬದನೆ ಎರಡು, ಕ್ಯಾಪ್ಸಿಕಂ ಎರಡು, ಆಸೆಗೆ ಒಂದು ಹೂಕೋಸು, ಜೊತೆಗೆ ಬೆಂಡೆ ಬೀಜದ ಒಂದು ಪೊಟ್ಟಣ. ಎರಡು ತಿಂಗಳಾದ ಮೇಲೆ ಗಿಡಗಳು ಚೆನ್ನಾಗಿಯೇ ಇರುತ್ತವೆ, ಕಾಯಿಯೂ ಬಿಟ್ಟಿರುತ್ತವೆ. ಆದರೆ ಇವತ್ತು ಎರಡು ಬೆಂಡೆಕಾಯಿ, ನಾಳೆ ಒಂದು ಬದನೆಕಾಯಿ, ನಾಡಿದ್ದು ಮೂರು ಟೊಮೆಟೊ. ನಾಲ್ಕು ಜನರ ಮನೆಯಲ್ಲಿ ಅಷ್ಟಕ್ಕೆ ಪಲ್ಯವೂ ಆಗದು, ಹುಳಿಯೂ ಆಗದು. ಫ್ರಿಜ್ಜಿನಲ್ಲಿಟ್ಟದ್ದು ಬಾಡುತ್ತದೆ, ಅಂಗಡಿಯಿಂದ ತರಕಾರಿ ತರುವುದು ತಪ್ಪುವುದಿಲ್ಲ, ಮುಂದಿನ ಬೇಸಿಗೆ ಹೊತ್ತಿಗೆ ಕುಂಡಗಳು ಖಾಲಿ ಬಿದ್ದಿರುತ್ತವೆ.

ಇಂಥ ಮನೆಗಳಲ್ಲಿ ಆರೈಕೆಯೇನೂ ಕಡಿಮೆ ಇರುವುದಿಲ್ಲ. ಎಡವಿರುವುದು ಆಯ್ಕೆಯಲ್ಲಿ. ಯಾವ ಗಿಡ, ಎಷ್ಟು ಗಿಡ, ಯಾವ ಕುಂಡ, ಯಾವ ಗೊಬ್ಬರ ಎಂದು ತೀರ್ಮಾನಿಸುವಾಗ ನಾನು ಹಿಡಿಯುವ ಅಳತೆ ಒಂದೇ: ಒಂದು ಹೊತ್ತಿನ ಅಡುಗೆ. ನಿಮ್ಮ ಮನೆಯಲ್ಲಿ ವಾರದಲ್ಲಿ ಏನೇನು ಮಾಡುತ್ತೀರಿ, ಅದಕ್ಕೆ ಒಂದೇ ಸಲಕ್ಕೆ ಎಷ್ಟು ಸೊಪ್ಪು, ಎಷ್ಟು ಕಾಯಿ ಬೇಕು ಎಂದು ಮೊದಲು ಬರೆದಿಟ್ಟುಕೊಳ್ಳಿ. ಆಮೇಲೆ ತಾರಸಿ ಹತ್ತಿ. ಕೆಳಗಿನ ಹೋಲಿಕೆ ಮುಖ್ಯವಾಗಿ ಬೆಂಗಳೂರು, ಮೈಸೂರು, ತುಮಕೂರಿನ ಹವೆಗೆ ಹೊಂದುವಂಥದ್ದು. ಕರಾವಳಿ, ಮಲೆನಾಡು, ಉತ್ತರ ಕರ್ನಾಟಕದವರಿಗೆ ಬೇರೆಯಾಗುವ ಕಡೆ ಅಲ್ಲಲ್ಲೇ ಹೇಳಿದ್ದೇನೆ.

ಮೊದಲ ಕುಂಡಗಳು ಸೊಪ್ಪಿಗೆ

ಸೊಪ್ಪೋ ಕಾಯಿಯೋ ಎಂದು ಕೇಳಿದರೆ ನನ್ನ ಉತ್ತರ ಯಾವಾಗಲೂ ಸೊಪ್ಪು. ಕಾರಣ ಮೂರು. ಸೊಪ್ಪು ಒಂದೇ ಸಲಕ್ಕೆ ಅಡುಗೆಗೆ ಆಗುವಷ್ಟು ಕೈಗೆ ಬರುತ್ತದೆ. ಮೂರು-ನಾಲ್ಕು ಗಂಟೆ ಬಿಸಿಲು ಬಿದ್ದರೂ ಬೆಳೆಯುತ್ತದೆ, ಕಾಯಿ ಬಿಡುವ ಗಿಡಗಳಿಗೆ ಆರು ಗಂಟೆಯಾದರೂ ಬೇಕು. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಅಂಗಡಿಯ ಬದನೆಕಾಯಿಗೂ ಮನೆಯ ಬದನೆಕಾಯಿಗೂ ಇರುವ ಅಂತರಕ್ಕಿಂತ ಅಂಗಡಿಯ ಸೊಪ್ಪಿಗೂ ಮನೆಯ ಸೊಪ್ಪಿಗೂ ಇರುವ ಅಂತರ ಬಹಳ ಹೆಚ್ಚು. ಕಿತ್ತ ಅರ್ಧ ಗಂಟೆಯಲ್ಲಿ ಪಾತ್ರೆಗೆ ಬಿದ್ದ ಸೊಪ್ಪಿನ ಘಮವೇ ಬೇರೆ. ಯಾವ ನೀರು ಕುಡಿದು ಬೆಳೆಯಿತು, ಯಾವ ಔಷಧಿ ಹೊಡೆದರು ಎಂಬ ಅನುಮಾನವೂ ಇಲ್ಲ.

ಲೆಕ್ಕ ಹೀಗೆ. ನಾಲ್ಕು ಜನಕ್ಕೆ ಬಸ್ಸಾರು ಮಾಡಲು ಬಿಡಿಸಿದ ಸೊಪ್ಪು ಸುಮಾರು 300 ಗ್ರಾಂ ಬೇಕು. 2 ಅಡಿ ಉದ್ದ, 1 ಅಡಿ ಅಗಲ, 6ರಿಂದ 8 ಇಂಚು ಆಳದ ಒಂದು ಟ್ರೇನಲ್ಲಿ ಹರಿವೆ ಬಿತ್ತಿದರೆ 25–30 ದಿನಕ್ಕೆ ಹೆಚ್ಚುಕಡಿಮೆ ಅಷ್ಟು ಸಿಗುತ್ತದೆ. ಅಂಥ ನಾಲ್ಕು ಟ್ರೇ ಇಟ್ಟು, ಎಂಟು ದಿನಕ್ಕೊಂದರಂತೆ ಬಿತ್ತುತ್ತ ಹೋದರೆ ವಾರಕ್ಕೊಂದು ಸಲ ಮನೆ ಸೊಪ್ಪಿನ ಸಾರು ಖಾತ್ರಿ. ನಾಲ್ಕೂ ಟ್ರೇಗೆ ಒಂದೇ ದಿನ ಬಿತ್ತಿದರೆ ಒಂದು ವಾರ ತಿಂದು ಮುಗಿಸಲಾಗದು, ಮೂರು ವಾರ ಏನೂ ಇರದು.

ಸೊಪ್ಪುಗಳಲ್ಲೇ ನನ್ನ ಮೊದಲ ಸ್ಥಾನ ಹರಿವೆಗೆ, ಅದರ ಹಿಂದೆಯೇ ದಂಟು. ಬಿಸಿಲು ತಡೆಯುತ್ತವೆ, ಬಯಲುಸೀಮೆಯ ಮಳೆಗೂ ಬಗ್ಗುವುದಿಲ್ಲ. ಬುಡದಿಂದ ನಾಲ್ಕು ಬೆರಳು ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತವೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ, ಹೀಗೆ ಹಲವು ಸಲ ಕೊಯ್ಯಲೆಂದೇ ಕೊಟ್ಟ ಹಸಿರು ತಳಿ. ಕೆಂಪು ಬೇಕಿದ್ದರೆ ಅರ್ಕಾ ಅರುಣಿಮ. ಎರಡನೆಯ ಸ್ಥಾನ ಮೆಂತ್ಯಕ್ಕೆ. ಬೀಜ ಅಡುಗೆಮನೆಯ ಡಬ್ಬದಲ್ಲೇ ಇದೆ, ಒಂದು ರಾತ್ರಿ ನೆನೆಸಿ ಒತ್ತೊತ್ತಾಗಿ ಉದುರಿಸಿದರೆ ಮೂರು ವಾರದಲ್ಲಿ ಕೀಳಬಹುದು. ಪಾಲಕ್ ನಾಲ್ಕೈದು ಸಲ ಕೊಯ್ಲು ಕೊಡುತ್ತದೆ, ಆದರೆ ಅದು ಚಳಿಗಾಲದ ಗಿಡ. ಸಬ್ಬಸಿಗೆಯೂ ಹಾಗೆಯೇ. ಕೊತ್ತಂಬರಿ ಎಲ್ಲರಿಗೂ ಬೇಕು, ಆದರೆ ಮೊಳೆಯಲು ಎಂಟು-ಹತ್ತು ದಿನ ತೆಗೆದುಕೊಳ್ಳುತ್ತದೆ, ಮಾರ್ಚ್ ದಾಟಿದರೆ ಎಲೆ ಬಿಡುವ ಮೊದಲೇ ಹೂವಿಗೆ ಹೋಗುತ್ತದೆ. ಅಕ್ಟೋಬರಿನಿಂದ ಫೆಬ್ರವರಿವರೆಗೆ ಬೆಳೆಯಿರಿ, ಉಳಿದ ತಿಂಗಳು ಕೊಂಡು ತನ್ನಿ. ಅದಕ್ಕಾಗಿ ಒದ್ದಾಡಬೇಕಿಲ್ಲ.

ಬಿತ್ತುವ ಗೊಡವೆಯೇ ಇಲ್ಲದ ಸೊಪ್ಪುಗಳ ಇನ್ನೊಂದು ಗುಂಪಿದೆ. ದಿನವೂ ತೋಟಕ್ಕೆ ಸಮಯ ಕೊಡಲಾಗದವರು ಅದರಿಂದಲೇ ಶುರುಮಾಡಿ. ಬಸಳೆಯ ಗೇಣುದ್ದ ಕಡ್ಡಿ ನೆಟ್ಟರೆ ಬಳ್ಳಿ ವರ್ಷಗಟ್ಟಲೆ ಇರುತ್ತದೆ. ಒಂದೆಲಗ ಅಗಲ ಬಾಯಿಯ ಕುಂಡದಲ್ಲಿ ನೆರಳಿಗೇ ಹಬ್ಬುತ್ತದೆ, ಮಣ್ಣು ಒಣಗದಿದ್ದರೆ ಸಾಕು. ದೊಡ್ಡಪತ್ರೆ ಯಾರ ಕೈಯಲ್ಲಾದರೂ ಬೆಳೆಯುತ್ತದೆ. ಚಕ್ರಮುನಿ ಪೊದೆಯಾಗಿ ಬೆಳೆದು ವಾರವಾರ ಚಿಗುರು ಕೊಡುತ್ತದೆ. ಚಕ್ರಮುನಿಯ ವಿಷಯದಲ್ಲಿ ಮಾತ್ರ ಒಂದು ಎಚ್ಚರ: ಹಸಿಯಾಗಿ ಅರೆದು ರಸ ಕುಡಿಯಬೇಡಿ. 1990ರ ದಶಕದ ನಡುವೆ ತೈವಾನಿನಲ್ಲಿ ತೂಕ ಇಳಿಸಲೆಂದು ಇದರ ಹಸಿ ರಸವನ್ನು ದಿನವೂ ಕುಡಿದವರ ಶ್ವಾಸಕೋಶ ಗುಣವಾಗದಷ್ಟು ಕೆಟ್ಟಿತ್ತು. ಬೇಯಿಸಿ, ಬೇರೆ ಸೊಪ್ಪುಗಳ ಜೊತೆ ಬೆರಕೆಯಾಗಿ, ಮಿತವಾಗಿ ಬಳಸಿ.

ಕಾಯಿಗಳಲ್ಲಿ ಗೆಲ್ಲುವುದು ಬದನೆ

ಟೊಮೆಟೊ ಮೇಲೆ ಎಲ್ಲರಿಗೂ ಪ್ರೀತಿ. ನನಗೂ ಇದೆ. ಆದರೂ ಎರಡರಲ್ಲಿ ಒಂದು ಎಂದಾದರೆ ಬದನೆ ಹಾಕಿ. ಟೊಮೆಟೊಗೆ ಕೋಲು ಕಟ್ಟಬೇಕು, ಎಲೆ ಮುದುರುವ ರೋಗ ಬಂದರೆ ಗಿಡ ಮುಗಿಯಿತು, ಮಳೆ ಬಿದ್ದರೆ ಹಣ್ಣು ಸೀಳುತ್ತದೆ, ಒಂದೆರಡು ತಿಂಗಳು ಹಣ್ಣು ಕೊಟ್ಟು ಒಣಗುತ್ತದೆ. ನಾಟಿ ಮಾಡಿದ ಎರಡು-ಎರಡೂವರೆ ತಿಂಗಳಿಗೆ ಶುರುವಾದ ಬದನೆ ಆರೇಳು ತಿಂಗಳು ಬಿಡುತ್ತಲೇ ಇರುತ್ತದೆ. ಇಳುವರಿ ತಗ್ಗಿದಾಗ ಮೊಣಕಾಲೆತ್ತರಕ್ಕೆ ಕತ್ತರಿಸಿ, ಬುಡಕ್ಕೆ ಎರಡು ಹಿಡಿ ಗೊಬ್ಬರ ಕೊಟ್ಟರೆ ಮತ್ತೆ ಚಿಗುರಿ ಕಾಯಿ ಕೊಡುತ್ತದೆ. ಮೂರು ಗಿಡವಿದ್ದರೆ ವಾರಕ್ಕೊಂದು ಎಣ್ಣೆಗಾಯಿಗೋ ವಾಂಗಿಬಾತಿಗೋ ಸಾಕು.

ತಳಿಯಲ್ಲಿ ನಿಮ್ಮ ಅಡುಗೆಗೆ ತಕ್ಕದ್ದನ್ನು ಆರಿಸಿ. ಜೋಳದ ರೊಟ್ಟಿಯ ಮನೆಯವರಿಗೆ ತುಂಬಿ ಮಾಡಲು ಮೊಟ್ಟೆ ಗಾತ್ರದ ಮುಳ್ಳುಬದನೆ. ಹುಳಿ, ವಾಂಗಿಬಾತಿಗೆ ಉದ್ದನೆಯ ಹಸಿರು ಬದನೆ. ಮೈಸೂರಿನ ಈರನಗೆರೆ ಬದನೆಯ ಬೀಜ ಸಿಕ್ಕರೆ ಬಿಡಬೇಡಿ. ಉಡುಪಿ ಬಳಿಯ ಮಟ್ಟು ಗ್ರಾಮದ ಮಟ್ಟುಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಬೀಜ ತಂದು ಬೆಂಗಳೂರಿನಲ್ಲಿ ಹಾಕಿದರೆ ಗಿಡ ಬರುತ್ತದೆ, ಕಾಯಿಯೂ ಬಿಡುತ್ತದೆ. ಆದರೆ ಸಮುದ್ರದಂಚಿನ ಆ ಮಣ್ಣು ನೀರಿನ ರುಚಿ ಬೇಕಿದ್ದರೆ ಉಡುಪಿಯಿಂದ ಬರುವ ಕಾಯನ್ನೇ ಕೊಂಡು ಬೋಳುಹುಳಿ ಮಾಡಿ, ತಾರಸಿಯ ಕುಂಡವನ್ನು ಊರ ತಳಿಗೆ ಬಿಡಿ.

ಬದನೆಯ ದೊಡ್ಡ ಶತ್ರು ಕಾಂಡ ಮತ್ತು ಕಾಯಿ ಕೊರಕ. ತುದಿಯ ಎಲೆಗಳು ಮಧ್ಯಾಹ್ನ ಮಾತ್ರವಲ್ಲ, ಬೆಳಗ್ಗೆಯೂ ಜೋತುಬಿದ್ದಿದ್ದರೆ ಒಳಗೆ ಹುಳ ಇದೆ ಎಂದೇ ಅರ್ಥ. ಬಾಡಿದ ತುದಿಯನ್ನು ಎರಡು ಇಂಚು ಕೆಳಗಿನಿಂದ ಕತ್ತರಿಸಿ, ಸೀಳಿ ನೋಡಿ, ಹುಳವನ್ನು ಕೊಂದು ಹಾಕಿ. ವಾರಕ್ಕೊಮ್ಮೆ ಈ ಕೆಲಸ ಮಾಡಿದರೆ ಸಿಂಪಡಣೆಯ ಅಗತ್ಯವೇ ಕಡಿಮೆ.

ಬೆಂಡೆಗೆ ಲೆಕ್ಕ ಬೇರೆ. ಬಿತ್ತಿದ 45–50 ದಿನಕ್ಕೆ ಕಾಯಿ ಶುರುವಾದರೂ ಒಂದು ಗಿಡ ಎರಡು ದಿನಕ್ಕೊಂದು ಕಾಯಿ ಕೊಟ್ಟರೆ ಹೆಚ್ಚು. ಎರಡು ಗಿಡ ಹಾಕುವುದಕ್ಕಿಂತ ಹಾಕದಿರುವುದೇ ಮೇಲು. ಹನ್ನೆರಡು ಗಿಡ ಹಾಕಿದರೆ ಮೂರು ದಿನದ ಕಾಯಿ ಕೂಡಿಸಿ ಒಂದು ಪಲ್ಯ ಆಗುತ್ತದೆ. ಬಲಿಯಲು ಬಿಡದೆ ದಿನವೂ ಕೊಯ್ದು ಒಣಬಟ್ಟೆಯಲ್ಲಿ ಸುತ್ತಿಟ್ಟರೆ ಮೂರು ದಿನಕ್ಕೇನೂ ಆಗದು. ಅಷ್ಟು ಜಾಗ ಇಲ್ಲದವರು ಬೆಂಡೆಯ ಆಸೆ ಬಿಡಿ. ಜಾಗ ಇದ್ದವರು ಎಲೆ ಹಳದಿಯಾಗಿಸುವ ನಂಜುರೋಗವನ್ನು ಮನಸ್ಸಿನಲ್ಲಿಟ್ಟುಕೊಂಡು ಅರ್ಕಾ ಅನಾಮಿಕದಂಥ, ಆ ರೋಗ ತಡೆಯಲೆಂದೇ ಬಂದ ತಳಿ ಹಾಕಿ.

ಮೆಣಸಿನಕಾಯಿ ಎರಡೇ ಗಿಡ ಸಾಕು. ದಿನಕ್ಕೆ ನಾಲ್ಕು ಬೇಕಾಗುವ ವಸ್ತು, ದಿನಕ್ಕೆ ನಾಲ್ಕೇ ಸಿಗುತ್ತದೆ, ಇದಕ್ಕಿಂತ ಒಳ್ಳೆಯ ಹೊಂದಿಕೆ ತೋಟದಲ್ಲಿ ಬೇರೆ ಇಲ್ಲ. ಹೂಕೋಸು, ಎಲೆಕೋಸು ಬೇಡ: ಒಂದು ಕುಂಡವನ್ನು ಮೂರು ತಿಂಗಳು ಆಕ್ರಮಿಸಿ ಒಂದೇ ಗಡ್ಡೆ ಕೊಡುತ್ತವೆ. ಟೊಮೆಟೊ ಬೇಕೇಬೇಕು ಎನ್ನುವವರು ಗೋಲಿ ಗಾತ್ರದ ಚೆರ್ರಿ ಟೊಮೆಟೊ ಹಾಕಿ, ಅದು ಉಳಿದವುಗಳಷ್ಟು ರೋಗಕ್ಕೆ ಬೀಳುವುದಿಲ್ಲ, ತಿಳಿಸಾರಿಗೆ ಹುಳಿಯೂ ಚೆನ್ನಾಗಿರುತ್ತದೆ. ಕಲಬುರಗಿ, ರಾಯಚೂರಿನ ಕಡೆಯ ಬಿಸಿಲಿಗೆ ಟೊಮೆಟೊ ಜಾಗದಲ್ಲಿ ಚವಳಿಕಾಯಿ (ಗೋರಿಕಾಯಿ) ಮತ್ತು ಪುಂಡಿ ಸೊಪ್ಪು ಹಾಕುವುದು ಜಾಣತನ. ಎರಡೂ ಸೆಕೆ ತಡೆಯುತ್ತವೆ, ಎರಡೂ ರೊಟ್ಟಿಗೆ ಜೊತೆ.

ಚಪ್ಪರಕ್ಕೆ ಹೀರೆಯೋ, ಸೋರೆಯೋ, ಅವರೆಯೋ

ಬಳ್ಳಿಗೆ ಜಾಗ ಗೋಡೆಯಂಚು. ಕಬ್ಬಿಣದ ಚಪ್ಪರವೇ ಬೇಕಿಲ್ಲ, ನೀರಿನ ಟ್ಯಾಂಕಿನ ಕಂಬಕ್ಕೆ ನೈಲಾನ್ ಬಲೆ ಕಟ್ಟಿದರೂ ನಡೆಯುತ್ತದೆ. ಕುಂಡ ಮಾತ್ರ ದೊಡ್ಡದಿರಲಿ, 40 ಲೀಟರಿಗೆ ಕಡಿಮೆ ಬೇಡ.

ಸೋರೆ ಭರ್ಜರಿಯಾಗಿ ಬೆಳೆಯುತ್ತದೆ, ಎರಡೆರಡು ಕಿಲೋದ ಕಾಯಿ ಒಂದೇ ವಾರದಲ್ಲಿ ನಾಲ್ಕು ಬಿಡುತ್ತದೆ. ಅದನ್ನು ಹಂಚಲು ಅಕ್ಕಪಕ್ಕದವರಿದ್ದರೆ ಸರಿ. ಹೀರೆ ಅಡುಗೆಗೆ ತಕ್ಕ ಅಳತೆಯದು: ಎರಡು ಕಾಯಿ ಒಂದು ಹೊತ್ತಿಗೆ, ತಿರುಳು ಕೂಟಿಗೆ, ಸಿಪ್ಪೆ ಚಟ್ನಿಗೆ. ಅದಕ್ಕೇ ನನ್ನ ಮತ ಹೀರೆಗೆ.

ಹೀರೆ ಬಳ್ಳಿ ತುಂಬ ಹೂ ಬಿಟ್ಟು ಕಾಯಿ ಕಟ್ಟುತ್ತಿಲ್ಲ ಎಂದು ಬಹಳ ಜನ ಕೈಬಿಡುತ್ತಾರೆ. ಅದರ ಹೂ ಅರಳುವುದು ಸಂಜೆ, ನಾಲ್ಕನೆಯ ಮಹಡಿಗೆ ಆ ಹೊತ್ತಿನಲ್ಲಿ ದುಂಬಿ ಬರುವುದು ಕಡಿಮೆ. ಐದೂವರೆ-ಆರರ ಸುಮಾರಿಗೆ ನೀವೇ ಹೋಗಿ. ಗಂಡು ಹೂಗಳು ಗೊಂಚಲಲ್ಲಿರುತ್ತವೆ, ಹೆಣ್ಣು ಹೂ ಒಂಟಿ, ಅದರ ಹಿಂದೆ ಕಡ್ಡಿಗಾತ್ರದ ಹೀರೆಕಾಯಿ ಆಗಲೇ ಗೆರೆ ಸಮೇತ ಕಾಣುತ್ತದೆ. ಬಿರಿದ ಗಂಡು ಹೂವೊಂದನ್ನು ಕಿತ್ತು, ಹಳದಿ ದಳಗಳನ್ನು ಹಿಂದಕ್ಕೆ ಮಡಚಿ, ನಡುವಿನ ಪುಡಿಯನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಿ. ಒಂದು ಗಂಡು ಹೂ ಎರಡು-ಮೂರು ಹೆಣ್ಣು ಹೂವಿಗೆ ಸಾಕು. ಮೂರನೆಯ ದಿನ ಎಳೆಗಾಯಿ ಉದ್ದವಾಗಿ ಕೆಳಗೆ ಬಾಗಿದ್ದರೆ ಕಟ್ಟಿತು, ಹಳದಿಯಾಗಿ ಸುಕ್ಕಿದ್ದರೆ ಇಲ್ಲ. ಸೋರೆ, ಪಡವಲಕ್ಕೂ ಸಂಜೆಯೇ. ಹಾಗಲ, ಸೌತೆ, ಕುಂಬಳಕ್ಕೆ ಬೆಳಗ್ಗೆ. ಕಟ್ಟಿದ ಕಾಯಿ ಬೆರಳುದ್ದ ಆಗುತ್ತಲೇ ಕಾಗದದ ಚೀಲ ತೊಡಿಸಿಬಿಡಿ, ಹಣ್ಣುನೊಣ ಚುಚ್ಚುವುದಿಲ್ಲ.

ಹೀರೆ, ಸೋರೆ, ಸೌತೆ ಯಾವುದೇ ಆಗಲಿ, ಹೆಚ್ಚುವ ಮುನ್ನ ಒಂದು ಚೂರು ನಾಲಿಗೆಗೆ ಇಟ್ಟು ನೋಡಿ. ಕಹಿಯಿದ್ದರೆ ಇಡೀ ಕಾಯಿಯನ್ನು ಗೊಬ್ಬರದ ಗುಂಡಿಗೆ ಹಾಕಿ. ಬೇಯಿಸಿದರೆ ಕಹಿ ಹೋಗದು, ಕಹಿ ಸೋರೆಯ ರಸ ಕುಡಿದು ಪ್ರಾಣ ಹೋದದ್ದೂ ಉಂಟು.

ಅವರೆಯ ಆಯ್ಕೆ ಸುಲಭವಲ್ಲ. ಹಳೆಯ ಚಪ್ಪರದವರೆ, ಸೊಗಡಿನ ಅವರೆ ಹಗಲು ಕಿರಿದಾದ ಮೇಲೆಯೇ ಹೂ ಬಿಡುವವು. ಜುಲೈ-ಆಗಸ್ಟಿನಲ್ಲಿ ಹಾಕಿದರೆ ಡಿಸೆಂಬರ್-ಜನವರಿಗೆ ಕಾಯಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ 3 ಮತ್ತು 4, ಹೆಸರಘಟ್ಟದ ಅರ್ಕಾ ಜಯ, ಅರ್ಕಾ ವಿಜಯ, ಇವು ಪೊದೆಯಾಗಿ ಬೆಳೆಯುವವು, ಯಾವ ಕಾಲಕ್ಕೂ ಹೂ ಬಿಡುವವು. ಬೇಸಿಗೆಯಲ್ಲೂ ಅವರೆ ಉಪ್ಪಿಟ್ಟು ಬೇಕು, ಚಪ್ಪರಕ್ಕೆ ಜಾಗ ಇಲ್ಲ ಎನ್ನುವವರಿಗೆ ಇವು. ಹಿತಕಿದ ಬೇಳೆ ಸಾರು ಮಾಡುವಾಗ ಬೀದಿಗೆಲ್ಲ ಹಬ್ಬುವ ಆ ಸೊಗಡು ಬೇಕಿದ್ದರೆ ಆರು ತಿಂಗಳು ಕಾದು ಹಳೆಯ ಬಳ್ಳಿಯನ್ನೇ ಬೆಳೆಸಿ. ನಾನು ಕಾಯುವವರ ಪಕ್ಷ.

ಅಲಸಂದೆಯನ್ನು ಹೊಸಬರೆಲ್ಲ ಹಾಕಬೇಕು. ಪರಾಗಸ್ಪರ್ಶಕ್ಕೆ ನಿಮ್ಮ ಕೈ ಬೇಡ, ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿದಿಡುತ್ತದೆ. ಎಳೆ ಚಿಗುರಿಗೆ ಕಪ್ಪು ಹೇನು ಮುತ್ತುತ್ತದೆ, ಅಷ್ಟೇ ತೊಂದರೆ. ಬಳ್ಳಿ ಮುಗಿದ ಕುಂಡದಲ್ಲಿ ಮುಂದಿನ ಸರದಿ ಸೊಪ್ಪಿಗೆ ಕೊಡಿ.

ನೆಲವೋ, ಚೀಲವೋ, ಕುಂಡವೋ

ಮನೆ ಮುಂದೆ ನಾಲ್ಕಡಿ ನೆಲವಿದ್ದರೆ ಬೇರೆ ಮಾತೇ ಇಲ್ಲ, ನೆಲವೇ ಮೇಲು. ನೀರು ಕಡಿಮೆ ಸಾಕು, ಬೇರು ತನ್ನ ಪಾಡಿಗೆ ಇಳಿಯುತ್ತದೆ. ನುಗ್ಗೆ, ಕರಿಬೇವು, ಬಸಳೆ, ಕೆಸು ನೆಲದಲ್ಲೇ ಚೆಂದ.

ತಾರಸಿಯಲ್ಲಿ ಮೊದಲು ನೋಡಬೇಕಾದ್ದು ಭಾರ. 12 ಇಂಚು ಅಗಲ, 12 ಇಂಚು ಎತ್ತರದ ಗ್ರೋ ಬ್ಯಾಗಿನಲ್ಲಿ ಸುಮಾರು 22 ಲೀಟರ್ ಮಣ್ಣು ಹಿಡಿಯುತ್ತದೆ. ಬರೀ ಕೆಮ್ಮಣ್ಣು ತುಂಬಿ ನೀರು ಹಾಕಿದರೆ ಒಂದು ಚೀಲ 35 ಕಿಲೋ ಮುಟ್ಟುತ್ತದೆ. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕದ ಲೆಕ್ಕ ಚದರ ಮೀಟರಿಗೆ ಸುಮಾರು 150 ಕಿಲೋ. ಅಷ್ಟು ಜಾಗದಲ್ಲಿ ಇಂಥ ಒಂಬತ್ತು ಚೀಲ ಒತ್ತೊತ್ತಾಗಿ ಇಟ್ಟರೆ 300 ಕಿಲೋ ದಾಟಿತು. ಆದ್ದರಿಂದ ಕೆಮ್ಮಣ್ಣು, ಗೊಬ್ಬರ, ತೆಂಗಿನ ನಾರಿನ ಪುಡಿ ಸಮಪಾಲು ಬೆರೆಸಿ ಭಾರ ಇಳಿಸಿ, ಚೀಲಗಳ ನಡುವೆ ಓಡಾಡುವಷ್ಟು ಜಾಗ ಬಿಡಿ, ದೊಡ್ಡ ಡ್ರಮ್ಮುಗಳನ್ನು ತೊಲೆ ಹಾದುಹೋಗುವ ಗೋಡೆಯಂಚಿಗೇ ಇಡಿ. ಹಳೆಯ ಕಟ್ಟಡವಾದರೆ ಎಂಜಿನಿಯರ್ ಒಬ್ಬರನ್ನು ಕೇಳದೆ ಡ್ರಮ್ ಏರಿಸಬೇಡಿ. ಎಲ್ಲ ಕುಂಡದ ಕೆಳಗೂ ಇಟ್ಟಿಗೆ ಇರಲಿ, ನೀರು ನಿಲ್ಲದೆ ಹರಿಯಬೇಕು.

ಮಣ್ಣಿನ ಕುಂಡದಲ್ಲಿ ಬೇರು ತಂಪಾಗಿರುತ್ತದೆ, ಆದರೆ ಭಾರ, ಬೇಸಿಗೆಯಲ್ಲಿ ದಿನಕ್ಕೆರಡು ಸಲ ನೀರು ಕೇಳುತ್ತದೆ. ಗ್ರೋ ಬ್ಯಾಗ್ ಹಗುರ, ಅಗ್ಗ, ಬಿಸಿಲಿಗೆ ಎರಡು-ಮೂರು ವರ್ಷದಲ್ಲಿ ಹರಿಯುತ್ತದೆ. ಬಣ್ಣದ ಖಾಲಿ ಬಕೆಟ್ಟು 20 ಲೀಟರಿನದು ಸಿಕ್ಕರೆ ಚೆನ್ನಾಗಿ ತೊಳೆದು, ಅಡಿಗೆ ಐದಾರು ತೂತು ಮಾಡಿ ಬಳಸಿ. ಬದನೆ, ಮೆಣಸಿಗೆ ಅದು ಹೇಳಿಮಾಡಿಸಿದಂತಿರುತ್ತದೆ. ಆಯ್ಕೆ ಗೊಂದಲವಾದರೆ ಸೊಪ್ಪಿಗೆ ಟ್ರೇ, ಕಾಯಿಗೆ ಬಕೆಟ್ಟು, ಬಳ್ಳಿಗೆ ಅರ್ಧ ಕತ್ತರಿಸಿದ ಡ್ರಮ್.

ಗೊಬ್ಬರ ಯಾವುದು?

ಬೆಂಗಳೂರಿನಲ್ಲಿ ತಾರಸಿ ತೋಟದ ಹುರುಪು ಹಬ್ಬಿಸಿದವರಲ್ಲಿ ಮುಖ್ಯರಾದ ಡಾ. ಬಿ.ಎನ್. ವಿಶ್ವನಾಥ್ ಕೃಷಿ ವಿಜ್ಞಾನಿ. ಅವರಂಥವರ ಶ್ರಮದಿಂದ ಇವತ್ತು ಗೊಬ್ಬರದ ಚೀಲ ಪೇಟೆಯ ಅಂಗಡಿಗಳಲ್ಲೂ ಸಿಗುತ್ತದೆ. ಆಯ್ಕೆಗಳು ಹೆಚ್ಚಿದಷ್ಟೂ ಗೊಂದಲವೂ ಹೆಚ್ಚಿದೆ.

ಕೊಟ್ಟಿಗೆ ಗೊಬ್ಬರ ಅಗ್ಗ, ಮಣ್ಣನ್ನು ಸಡಿಲಗೊಳಿಸುತ್ತದೆ. ಆದರೆ ಪೂರ್ತಿ ಕಳಿತಿರಬೇಕು. ಕೈಯಲ್ಲಿ ಹಿಡಿದರೆ ಪುಡಿಯಾಗಬೇಕು, ಸಗಣಿ ವಾಸನೆ ಹೋಗಿ ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು. ಹಸಿ ಸಗಣಿ ಬುಡಕ್ಕೆ ಬಿದ್ದರೆ ಬೇರು ಸುಡುತ್ತದೆ, ಗೊಣ್ಣೆಹುಳವೂ ಸೇರುತ್ತದೆ. ಎರೆಗೊಬ್ಬರ ಬೆಲೆ ಹೆಚ್ಚು, ಕೆಲಸ ಬೇಗ. ಸೊಪ್ಪಿನ ಟ್ರೇಗೆ ಮೇಲಿನಿಂದ ಎರಡು ಹಿಡಿ ಹಾಕಲು ಇಟ್ಟುಕೊಳ್ಳಿ. ಇವೆರಡಕ್ಕಿಂತ ನಾನು ಮೇಲೆ ಇಡುವುದು ಅಡುಗೆಮನೆಯ ಕಸದ ಗೊಬ್ಬರವನ್ನು. ತರಕಾರಿ ಸಿಪ್ಪೆ ಒಂದು ಪಾಲು, ಒಣ ಎಲೆ ಎರಡು ಪಾಲು, ಮೇಲೆ ಒಂದು ಹಿಡಿ ಹಳೆಯ ಗೊಬ್ಬರ ಅಥವಾ ಹುಳಿಮಜ್ಜಿಗೆ. ವಾರಕ್ಕೊಮ್ಮೆ ಮಗುಚಿದರೆ ಎರಡು-ಮೂರು ತಿಂಗಳಿಗೆ ಸಿದ್ಧ. ದುರ್ವಾಸನೆ ಬಂದರೆ ನೀರು ಹೆಚ್ಚಾಗಿದೆ, ಒಣ ಎಲೆ ಹಾಕಿ. ಉಪ್ಪು ಹಾಕಿದ ಅಡುಗೆ, ಎಣ್ಣೆ ಪದಾರ್ಥ ಬೇಡ.

ಜೀವಾಮೃತದ ಬಗ್ಗೆ ಬಹಳ ಜನ ಕೇಳುತ್ತಾರೆ. ಶೂನ್ಯ ಬಂಡವಾಳ ಕೃಷಿಯ ಸುಭಾಷ್ ಪಾಳೇಕರರ ಅಳತೆ ಎಕರೆಗೆ 200 ಲೀಟರ್ ನೀರಿನದು. ಮನೆಗೆ ಇಳಿಸಿದರೆ 20 ಲೀಟರ್ ನೀರಿಗೆ 1 ಕಿಲೋ ನಾಟಿ ಹಸುವಿನ ಸಗಣಿ, 1 ಲೀಟರ್ ಗಂಜಲ, 200 ಗ್ರಾಂ ಬೆಲ್ಲ, 200 ಗ್ರಾಂ ಕಡಲೆಹಿಟ್ಟು, ಒಂದು ಹಿಡಿ ಹೊಲದ ಮಣ್ಣು. ನೆರಳಲ್ಲಿ ಎರಡು ದಿನ ಇಟ್ಟು, ಬೆಳಗ್ಗೆ ಸಂಜೆ ಕಲಕಿ, ಒಂದು ವಾರದೊಳಗೆ ಬಳಸಿ ಮುಗಿಸಬೇಕು. ಹತ್ತಿರದಲ್ಲಿ ಹಸು ಸಾಕಿದವರಿದ್ದರೆ ಮಾಡಿ. ಅಪಾರ್ಟ್‌ಮೆಂಟಿನ ಎಂಟು ಕುಂಡಕ್ಕೆ 20 ಲೀಟರ್ ಎಲ್ಲಿ ಸುರಿಯುತ್ತೀರಿ? ಅಂಥವರಿಗೆ ಕಡಲೆಕಾಯಿ ಹಿಂಡಿಯನ್ನು ಎರಡು ದಿನ ನೆನೆಸಿ, ಹತ್ತು ಪಾಲು ನೀರು ಬೆರೆಸಿ ಹದಿನೈದು ದಿನಕ್ಕೊಮ್ಮೆ ಕೊಟ್ಟರೆ ಧಾರಾಳ.

ಕೀಟಕ್ಕೆ ಹೆಚ್ಚು ಹೇಳುವುದಿಲ್ಲ. ಹೇನು, ಬಿಳಿನೊಣಕ್ಕೆ 1 ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಬೆರೆಯಲು ಒಂದೆರಡು ತೊಟ್ಟು ಸೋಪಿನ ನೀರು. ಸಂಜೆ ಸಿಂಪಡಿಸಿ, ಎಲೆಯ ಅಡಿಭಾಗ ತೊಯ್ಯಲಿ. ಹಸಿಮೆಣಸಿನಕಾಯಿ-ಬೆಳ್ಳುಳ್ಳಿ ಕಷಾಯ ಎಲೆ ತಿನ್ನುವ ಹುಳಗಳಿಗೆ. ಹಿಟ್ಟುತಿಗಣೆಗೆ ಜೋರು ನೀರು ಹಾಯಿಸುವುದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುವುದು ಈ ಎರಡೂ ಸಿಂಪಡಣೆಗಿಂತ ಒಳ್ಳೆಯದು.

ಬೀಜ: ನಾಟಿಯೋ, ಹೈಬ್ರಿಡ್ಡೋ

ಹೈಬ್ರಿಡ್ ಬೀಜ ಹಾಕಿದರೆ ತೋಟ ಸಾವಯವ ಆಗುವುದಿಲ್ಲ ಎಂಬ ಮಾತು ಸರಿಯಲ್ಲ. ಹೈಬ್ರಿಡ್ ಎಂದರೆ ಎರಡು ತಳಿಗಳ ಸಂಕರ, ಅಷ್ಟೇ. ಅದರ ತೊಡಕು ಬೇರೆ: ಅದರ ಬೀಜ ಎತ್ತಿಟ್ಟು ಹಾಕಿದರೆ ಮುಂದಿನ ಗಿಡ ತಾಯಿಯಂತೆ ಇರುವುದಿಲ್ಲ. ಟೊಮೆಟೊದಲ್ಲಿ ಅರ್ಕಾ ರಕ್ಷಕ್ ಮೂರು ರೋಗಗಳನ್ನು ತಡೆಯುವ ಹೈಬ್ರಿಡ್, ರೋಗದಿಂದ ಬೇಸತ್ತವರು ಅದನ್ನೇ ಹಾಕಲಿ. ಬೀಜ ಉಳಿಸಿಕೊಳ್ಳುವ ಆಸೆಯಿದ್ದವರು ನಾಟಿ ತಳಿ ಹಿಡಿಯಲಿ. ಸಹಜ ಸಮೃದ್ಧದಂಥ ಸಂಸ್ಥೆಗಳು ಊರೂರಿನ ದೇಸಿ ಬೀಜ ಸಂಗ್ರಹಿಸಿ ಬೀಜಮೇಳಗಳಲ್ಲಿ ಕೊಡುತ್ತಿವೆ.

ಎಲ್ಲ ಬೀಜವನ್ನೂ ಉಳಿಸಲು ಹೋಗಬೇಡಿ. ಟೊಮೆಟೊ, ಅಲಸಂದೆ, ಅವರೆ, ಮೆಂತ್ಯ ಹೆಚ್ಚಾಗಿ ತಮ್ಮ ಹೂವಿನಲ್ಲೇ ಪರಾಗ ಕಟ್ಟಿಕೊಳ್ಳುವವು, ತಳಿ ಕೆಡುವುದು ಕಡಿಮೆ. ಬದನೆಯೂ ಬಹುಮಟ್ಟಿಗೆ ಹಾಗೆಯೇ, ಒಂದೇ ತಳಿ ಹಾಕಿದ್ದರೆ ಚಿಂತೆಯಿಲ್ಲ. ಸೋರೆ, ಹೀರೆ, ಕುಂಬಳ ಅಕ್ಕಪಕ್ಕದ ಬಳ್ಳಿಯ ಪರಾಗ ಹಿಡಿದು ಕಹಿಗೆ ತಿರುಗುವುದುಂಟು, ಅವುಗಳ ಬೀಜ ಕೊಂಡು ಹಾಕಿ. ಅಂಗಡಿ ಪೊಟ್ಟಣದಲ್ಲಿ ಗುಲಾಬಿ, ನೀಲಿ ಬಣ್ಣ ಬಳಿದ ಬೀಜಕ್ಕೆ ಶಿಲೀಂಧ್ರನಾಶಕ ಲೇಪಿಸಿರುತ್ತಾರೆ. ಸಾವಯವ ಬೇಕೆನ್ನುವವರು ಅದನ್ನು ಬಿಡಿ.

ಕೊಯ್ದದ್ದು ಒಲೆಗೆ

ಕೊಯ್ಲು ಕಡಿಮೆಯಿದ್ದ ದಿನ ಒಂದು ಬಗೆ ಅಡುಗೆ, ಹೆಚ್ಚಿದ್ದ ದಿನ ಇನ್ನೊಂದು ಬಗೆ. ಬರೀ ಒಂದು ಹಿಡಿ ಒಂದೆಲಗ ಸಿಕ್ಕಿತೆನ್ನಿ. ತುಪ್ಪದಲ್ಲಿ ಬಾಡಿಸಿ, ಕಾಳುಮೆಣಸು, ಜೀರಿಗೆ, ಕಾಯಿತುರಿ ಜೊತೆ ರುಬ್ಬಿ, ಮಜ್ಜಿಗೆಗೆ ಬೆರೆಸಿ ಒಗ್ಗರಣೆ ಕೊಟ್ಟರೆ ತಂಬುಳಿ, ನಾಲ್ಕು ಜನಕ್ಕೆ ಸಾಕು. ದೊಡ್ಡಪತ್ರೆಯ ಹತ್ತು ಎಲೆಗೂ ಇದೇ ದಾರಿ. ಎರಡು ಬದನೆ, ಆರು ಅಲಸಂದೆ, ಒಂದು ಹಿಡಿ ದಂಟು ಮಾತ್ರ ಇದ್ದರೆ ಎಲ್ಲ ಸೇರಿಸಿ ಮಿಶ್ರ ಹುಳಿ. ಎರಡು ಹೀರೆಕಾಯಿಯ ಸಿಪ್ಪೆಯನ್ನು ಉದ್ದಿನಬೇಳೆ, ಕಡಲೆಬೇಳೆ, ಒಣಮೆಣಸಿನಕಾಯಿ ಜೊತೆ ಎಣ್ಣೆಯಲ್ಲಿ ಗರಿಯಾಗುವಂತೆ ಹುರಿದು, ಹುಣಸೆ, ಕಾಯಿತುರಿ, ಚೂರು ಬೆಲ್ಲ ಹಾಕಿ ತರಿಯಾಗಿ ರುಬ್ಬಿ. ಬಿಸಿ ಅನ್ನಕ್ಕೆ ಕಲಸಿ ತಿನ್ನಿ. ಔಷಧಿ ಹೊಡೆಯದ ಕಾಯಿ ಎಂಬ ಧೈರ್ಯ ಇದ್ದಾಗಲೇ ಸಿಪ್ಪೆ ತಿನ್ನುವ ಮನಸ್ಸಾಗುವುದು. ಮನೆ ಬೆಳೆಯ ಲಾಭ ಇಲ್ಲಿ ನೇರವಾಗಿ ಕಾಣುತ್ತದೆ.

ಟ್ರೇ ತುಂಬ ಸೊಪ್ಪು ಬಂದ ದಿನ ಬಸ್ಸಾರಿಗೆ ಸಮ ಇನ್ನೊಂದಿಲ್ಲ, ಒಂದೇ ಪಾತ್ರೆಯಿಂದ ಸಾರೂ ಪಲ್ಯವೂ ಆಗುತ್ತದೆ. ಒಂದು ಲೋಟ ತೊಗರಿಬೇಳೆಯನ್ನು ಹೆಚ್ಚು ನೀರಿಟ್ಟು ಮುಕ್ಕಾಲು ಬೇಯಿಸಿ. ಕುಕ್ಕರ್ ಬೇಡ, ಬೇಳೆ ಕರಗಬಾರದು. ಹೆಚ್ಚಿದ ಹರಿವೆ-ದಂಟು, ಉಪ್ಪು ಹಾಕಿ ಎಂಟು-ಹತ್ತು ನಿಮಿಷ ಬೇಯಿಸಿ ಬಸಿಯಿರಿ. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಕಾಯಿತುರಿ, ಹುಣಸೆ, ಸಾರಿನ ಪುಡಿ ಜೊತೆಗೆ ಬೆಂದ ಸೊಪ್ಪು-ಬೇಳೆ ಒಂದು ಹಿಡಿ ಸೇರಿಸಿ ನುಣ್ಣಗೆ ರುಬ್ಬಿ, ಬಸಿದ ಕಟ್ಟಿನ ನೀರಿಗೆ ಬೆರೆಸಿ ಚೆನ್ನಾಗಿ ಕುದಿಸಿ. ಉಳಿದ ಸೊಪ್ಪು-ಬೇಳೆಗೆ ಸಾಸಿವೆ, ಒಣಮೆಣಸಿನಕಾಯಿ, ಈರುಳ್ಳಿಯ ಒಗ್ಗರಣೆ, ಮೇಲೆ ಕಾಯಿತುರಿ. ಪಕ್ಕದಲ್ಲಿ ಬಿಸಿ ಮುದ್ದೆ. ಬಸಳೆಗೆ ಈ ವಿಧಾನ ಹೊಂದದು, ಲೋಳೆ ಬಿಡುತ್ತದೆ. ಅದಕ್ಕೆ ಕರಾವಳಿಯವರಂತೆ ತೆಂಗು ರುಬ್ಬಿದ ಹುಳಿಯೇ ಸರಿ.

ಮೆಣಸಿನಕಾಯಿ, ಚವಳಿಕಾಯಿ, ಬೆಂಡೆ ಒಮ್ಮೆಲೇ ಹೆಚ್ಚಾದರೆ ಬಾಳಕ ಮಾಡಿ. ಉಪ್ಪು ಹಾಕಿದ ಹುಳಿಮಜ್ಜಿಗೆಯಲ್ಲಿ ರಾತ್ರಿಯಿಡೀ ನೆನೆಸಿ, ಹಗಲು ಅದೇ ತಾರಸಿಯ ಬಿಸಿಲಿಗೆ ಹರಡಿ, ಸಂಜೆ ಮತ್ತೆ ಮಜ್ಜಿಗೆಗೆ. ಮಜ್ಜಿಗೆ ಮುಗಿದ ಮೇಲೆ ಗರಿಗರಿಯಾಗುವವರೆಗೆ ಒಣಗಿಸಿದರೆ ಡಬ್ಬದಲ್ಲಿ ವರ್ಷ ಇರುತ್ತದೆ. ಮಳೆಗಾಲದಲ್ಲಿ ಕಾಯಿ ಹೆಚ್ಚಾದರೆ ಒಣಗಿಸಲು ಹೋಗಬೇಡಿ, ಗೊಜ್ಜು ಮಾಡಿ ನಾಲ್ಕು ದಿನ ಬಳಸಿ.

ಶುರುಮಾಡುವವರಿಗೆ ಮೊದಲ ಸುತ್ತು ಹೀಗಿರಲಿ. ಬಾಲ್ಕನಿಯಲ್ಲಿ ಮೂರು ಗಂಟೆ ಬಿಸಿಲು ಮಾತ್ರ ಇದ್ದರೆ ಎರಡು ಟ್ರೇ ಹರಿವೆ, ಒಂದು ಟ್ರೇ ಮೆಂತ್ಯ, ಒಂದೆಲಗ, ದೊಡ್ಡಪತ್ರೆ. ಕಾಯಿ ಬೇಡವೇ ಬೇಡ. ಬಿಸಿಲಿರುವ ತಾರಸಿಯಾದರೆ ನಾಲ್ಕು ಟ್ರೇ ಸೊಪ್ಪು, ಮೂರು ಬದನೆ, ಎರಡು ಮೆಣಸು, ಒಂದು ಡ್ರಮ್ಮಿನಲ್ಲಿ ಅಲಸಂದೆ, ಇನ್ನೊಂದರಲ್ಲಿ ಹೀರೆ. ಮಲೆನಾಡು, ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹರಿವೆ ಟ್ರೇಗಳನ್ನು ಮಾಡಿನ ಕೆಳಗೆ ಸರಿಸಿ, ಅಂಗಳವನ್ನು ಕೆಸು ಮತ್ತು ಬಸಳೆಗೆ ಬಿಟ್ಟುಕೊಡಿ. ಬಯಲುಸೀಮೆಯವರು ಮೊದಲ ಬದನೆ ಬೀಜವನ್ನು ಜೂನ್ ಮಳೆ ಹಿಡಿಯುತ್ತಲೇ ಸಸಿ ತಟ್ಟೆಗೆ ಹಾಕಿದರೆ ನಾಲ್ಕೈದು ವಾರದಲ್ಲಿ ನಾಟಿಗೆ ಬರುತ್ತದೆ, ದಸರೆಯ ಹೊತ್ತಿಗೆ ಕಾಯಿ ಶುರು. ಹರಿವೆಗೆ ಮುಹೂರ್ತ ಬೇಕಿಲ್ಲ, ಮೊದಲ ಟ್ರೇ ಈ ವಾರವೇ ಬಿತ್ತಿ.